ಕಳ್ಳಿಗೆ ಕಾವಲು ಕೆಲಸ

ಮೇ ತಿಂಗಳ ಮೊದಲ ವಾರದ ಹೊತ್ತಿಗೆ ನಮ್ಮ ಶೆಡ್ಡಿನ ಇಪ್ಪತ್ಮೂರು ನಾಯಿಗಳಲ್ಲಿ ಇಪ್ಪತ್ತೆರಡಕ್ಕೆ ಮನೆ ಸಿಕ್ಕಿತ್ತು. ಉಳಿದದ್ದು ಒಂದೇ. ಅದರ ಹೆಸರು ಕಳ್ಳಿ. ಹೆಸರು ನಾವಿಟ್ಟದ್ದಲ್ಲ, ಹೊನ್ನಾವರದ ಬಂದರದಲ್ಲಿ ಮೀನು ಇಳಿಸುವವರು ಇಟ್ಟದ್ದು. ಐಸು ಹಾಕಿ ಮುಚ್ಚಿಟ್ಟ ಕ್ರೇಟಿನ ಮುಚ್ಚಳವನ್ನು ಮೂತಿಯಿಂದ ಎತ್ತಿ, ಮೇಲಿನ ಚಿಲ್ಲರೆ ಮೀನು ಬಿಟ್ಟು ಅಡಿಯ ಬಂಗಡೆಯನ್ನೇ ಆರಿಸಿಕೊಂಡು ಹೋಗುವ ನಾಯಿಗೆ ಇನ್ನೇನು ಹೆಸರಿಡುತ್ತಾರೆ?

ಶೆಡ್ಡು ಅಂದರೆ ಕುಮಟಾದ ಹೊರಗೆ ಮುಚ್ಚಿಹೋಗಿದ್ದ ಒಂದು ಐಸ್ ಪ್ಲಾಂಟು. ಬೀದಿಯಲ್ಲಿ ಪೆಟ್ಟು ತಿಂದ, ಮನೆಯಿಂದ ಹೊರಗೆ ಹಾಕಿಸಿಕೊಂಡ ನಾಯಿಗಳನ್ನು ನಾವು ನಾಲ್ವರು ನಮ್ಮ ನಮ್ಮ ನೌಕರಿ ಮುಗಿಸಿ ಅಲ್ಲಿ ನೋಡಿಕೊಳ್ಳುತ್ತಿದ್ದೆವು. ಮಾಲೀಕರು ದೊಡ್ಡ ಮನಸ್ಸಿನವರು, ಎರಡು ವರ್ಷ ಜಾಗ ಸುಮ್ಮನೆ ಬಿಟ್ಟುಕೊಟ್ಟಿದ್ದರು. ಈಗ ಅದನ್ನು ಕೆಡವುವ ಹೊತ್ತು ಬಂದಿತ್ತು. ಮೇ ಮುಗಿಯುವುದರೊಳಗೆ ಖಾಲಿ ಮಾಡಬೇಕು. ನನ್ನ ಬಾಡಿಗೆ ಮನೆಯ ಯಜಮಾನರಿಗೆ ಬೆಕ್ಕು ಕಂಡರೂ ಆಗದು, ಉಳಿದ ಮೂವರ ಮನೆಗಳಲ್ಲಿ ಆಗಲೇ ಎರಡೆರಡು ನಾಯಿ. ಕಳ್ಳಿಗೆ ಮನೆ ಸಿಗದಿದ್ದರೆ ಮತ್ತೆ ಬಂದರಕ್ಕೇ ಬಿಡಬೇಕು. ಅವಳ ಬೆನ್ನಿನ ಮೇಲೆ ಅಂಗೈಯಗಲ ಕೂದಲಿಲ್ಲದ ಜಾಗವಿತ್ತು, ಯಾರೋ ಬಿಸಿನೀರು ಎರಚಿದ ಗುರುತು. ಮುಂದಿನ ಸಲ ನೀರಲ್ಲ, ವಿಷ ಎಂದು ಅಲ್ಲಿ ಒಬ್ಬಾತ ನನ್ನ ಮುಖಕ್ಕೇ ಹೇಳಿದ್ದ.

ಎರಡು ಸಲ ಅವಳನ್ನು ಮನೆಗೆ ಕೊಟ್ಟೂ ಆಗಿತ್ತು. ಕುಮಟಾ ಪೇಟೆಯ ಮನೆಯವರು ಮೂರನೆಯ ದಿನ ತಂದು ಬಿಟ್ಟರು. ಒಲೆಯ ಮೇಲಿನ ಬಾಣಲೆಯಿಂದಲೇ ಮೀನು ಎತ್ತಿದ್ದಳಂತೆ. ಎರಡನೆಯದು ಸಂತೆಗುಳಿಯ ಕಡೆ, ಮೀನಿನ ವಾಸನೆಯೂ ಸುಳಿಯದ ಮನೆ. ಅಲ್ಲಾದರೆ ಕದಿಯಲು ಏನೂ ಇರುವುದಿಲ್ಲ ಎಂಬುದು ನನ್ನ ಬುದ್ಧಿವಂತಿಕೆ. ನಾಲ್ಕನೆಯ ದಿನ ಆ ಮನೆಯ ಅಮ್ಮ ಫೋನು ಮಾಡಿದರು. "ತಂಗೀ, ಅನ್ನ ಮಜ್ಜಿಗೆ ಹಾಕಿರೆ ಮೂಸಿಯೂ ನೋಡ್ತಿಲ್ಲೆ. ಪಾಪ, ಹಸ್ಗಂಡೇ ಇದ್ದು. ಎನಗೆ ನೋಡೂಲೆ ಆಗ್ತಿಲ್ಲೆ, ಕರ್ಕಂಡು ಹೋಗು." ನಾನು ಹೋಗುವಷ್ಟರಲ್ಲಿ ಕಳ್ಳಿ ಅಲ್ಲಿರಲಿಲ್ಲ. ಸೈಕಲ್ಲಿನಲ್ಲಿ ಮೀನು ಮಾರುವವನ ಹಿಂದೆ ಓಡಿ ಓಡಿ ಎರಡು ಊರು ದಾಟಿದ್ದಳು.

ನಾನು ಹೊನ್ನಾವರದ ಕಡೆ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ, ಅಂದರೆ ಚುಚ್ಚುಮದ್ದು, ಡ್ರೆಸಿಂಗ್ ಮಾಡುವವಳು. ಡಾಕ್ಟರಲ್ಲ, ಆದರೂ ಜನ ಡಾಕ್ಟ್ರಮ್ಮ ಅನ್ನುತ್ತಾರೆ, ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ. ಒಂದು ಬೆಳಿಗ್ಗೆ ಆಸ್ಪತ್ರೆಗೆ ಒಣಮೀನಿನ ಅಕ್ಕ ಬಂದಳು. ಅಪ್ಸರಕೊಂಡದ ಗುಡ್ಡ ಕಾಣುವಲ್ಲಿ, ಕಡಲಂಚಿನ ಮರಳಿನ ಮೇಲೆ ಮೀನು ಒಣಗಿಸುವವಳು. ಐವತ್ತೈದು ದಾಟಿದ ಗಟ್ಟಿ ಜೀವ. ಜೊತೆಗೆ ಅವಳ ತಮ್ಮ, ಬೋಟಿನ ಮಾಲೀಕ.

"ಜಾತಿ ನಾಯಿ ತರ್ತೇವೆ ಡಾಕ್ಟ್ರಮ್ಮ. ಅದಕ್ಕೆ ಎಂತ ಎಂತ ಇಂಜೆಕ್ಷನ್ ಬೇಕು ಹೇಳಿ," ಅಂದಳು ಅಕ್ಕ.

ವಿಷಯ ಇಷ್ಟು. ಮೇ ಮುಗಿದರೆ ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳು ದಡ ಸೇರುತ್ತವೆ. ಆಮೇಲೆ ಎರಡು ತಿಂಗಳು ಊರಿನ ಬಾಯಿಗೆ ರುಚಿ ಅಂದರೆ ಒಣಮೀನೇ. ಅಕ್ಕನ ಮೀನನ್ನೇ ನಂಬಿಕೊಂಡ ಮನೆಗಳು ಸುಮಾರಿದ್ದವು, ಕೆಲವು ಅವಳ ಅತ್ತೆಯ ಕಾಲದಿಂದ. ಹೋದ ವರ್ಷ ಬಂದರದ ನಾಯಿಗಳು, ಕಾಗೆ, ಗಿಡುಗ ಸೇರಿ ತಿಂದು ಕೆದರಿ, ಉಳಿದದ್ದು ಒಂದು ಮಳೆಗೆ ನೆನೆದು ಹುಳ ಬಿದ್ದು ಗೊಬ್ಬರಕ್ಕೆ ಹೋಯಿತು. ಆ ಮನೆಗಳಿಗೆಲ್ಲ ಅಕ್ಕ ಬರಿಗೈಯಲ್ಲಿ ಹೋಗಿ ಇಲ್ಲ ಎಂದು ಹೇಳಿ ಬಂದಿದ್ದಳಂತೆ. ಈ ವರ್ಷವೂ ಹಾಗಾದರೆ ಅವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ, ಅಷ್ಟೇ. ಅದಕ್ಕೆ ತಮ್ಮ ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ ನಾಯಿ ಸಾಕಿ ಮರಿ ಮಾರುವವರೊಬ್ಬರಿಗೆ ಜರ್ಮನ್ ಶೆಫರ್ಡ್ ಮರಿ ಬೇಕೆಂದು ಹೇಳಿಟ್ಟಿದ್ದ.

ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. "ಅಕ್ಕಾ, ನನ್ನ ಹತ್ರ ಒಂದು ನಾಯಿ ಅದೆ. ಮೀನಿನ ವಿಷಯ ಅದಕ್ಕೆ ಗೊತ್ತಿದ್ದಷ್ಟು ನಿಮ್ಮ ತಮ್ಮಂಗೂ ಗೊತ್ತಿಲ್ಲ," ಅಂದುಬಿಟ್ಟೆ.

"ಯಾವ್ದು, ಬಂದರದ ಆ ಕೆಂಪು ನಾಯಿಯಾ? ತಂಗೀ, ಅದು ನನ್ನ ತಲೆ ಮೇಲಿನ ಬುಟ್ಟಿ ಇಳ್ಸೂದ್ರೊಳಗೆ ಎರಡು ಸಲ ಮೀನು ಎತ್ಕಂಡು ಹೋಗ್ಯದೆ."

ತಮ್ಮ ನಕ್ಕು ನಕ್ಕು ಕೆಮ್ಮಿದ. "ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಂಗೆ ಆತು ಮೇಡಂ."

ನನಗೆ ಕೋಪ ಬಂತು. ಕೋಪ ಬಂದಾಗಲೇ ನನಗೆ ಒಳ್ಳೆಯ ವಿಚಾರಗಳೂ ಬರುತ್ತವೆ. ಅಲ್ಲ, ಇಷ್ಟು ದಿನ ನಾನು ಕಳ್ಳಿಯನ್ನು ಜನರಿಗೆ ಹೇಗೆ ತೋರಿಸುತ್ತಿದ್ದೆ? ಬೆನ್ನಿನ ಗಾಯ ತೋರಿಸಿ, ಪಾಪದ್ದು, ನಿಮಗೆ ಪುಣ್ಯ ಬರುತ್ತದೆ ಅನ್ನುತ್ತಿದ್ದೆ. ಪಾಪ ಎಂದು ಕೊಟ್ಟ ನಾಯಿ ಎರಡು ಸಲವೂ ವಾಪಸ್ ಬಂದಿತ್ತು. ಜಾತಿ ನಾಯಿ ಮಾರುವವರು ಯಾರಾದರೂ ಪಾಪ ಅನ್ನುತ್ತಾರೆಯೇ? ಅವರು ಮರಿಯ ಅಪ್ಪ ಹೀಗೆ, ಅಮ್ಮ ಹೀಗೆ, ಇದು ಮುಂದೆ ಇಂಥ ಕೆಲಸ ಮಾಡುತ್ತದೆ ಅನ್ನುತ್ತಾರೆ. ಕಳ್ಳಿ ಮುಂದೆ ಏನಾಗುತ್ತಾಳೋ ಎಂದು ಊಹಿಸುವ ಅಗತ್ಯವೇ ಇಲ್ಲ. ಅವಳು ಏನು ಎಂಬುದು ಕಣ್ಣೆದುರಿಗಿದೆ. ಮೀನನ್ನು ಇಷ್ಟು ಹೊತ್ತು, ಇಷ್ಟು ಚೂಟಿಯಾಗಿ ಕಾಯ್ದು ಕೂತು ಕದಿಯುವ ಪ್ರಾಣಿ, ಕದಿಯುವುದೊಂದನ್ನು ಬಿಟ್ಟರೆ ಉಳಿಯುವುದು ಕಾಯುವುದೇ ತಾನೆ.

ಮರುದಿನ ರಜೆ ಹಾಕಿ, ಮರಿಯ ಆರೋಗ್ಯ ನೋಡಿಕೊಡುವ ನೆಪದಲ್ಲಿ ಅಕ್ಕನ ತಮ್ಮನ ಜೊತೆ ಮುಟ್ಟಳ್ಳಿಗೆ ಹೋದೆ. ನನಗೆ ಜಾತಿ ನಾಯಿಗಳ ಮೇಲೆ ಸಿಟ್ಟಿಲ್ಲ, ಆಸ್ಪತ್ರೆಗೆ ಬಂದವನ್ನು ಮುದ್ದು ಮಾಡದೆ ಕಳಿಸುವವಳೇ ಅಲ್ಲ. ಆದರೆ ನಮ್ಮ ಕರಾವಳಿಯ ಸೆಕೆಗೆ ಆ ದಪ್ಪ ತುಪ್ಪಳದ ಕೆಳಗೆ ಚರ್ಮ ಹೇಗೆ ಕೊಳೆಯುತ್ತದೆ ಎಂಬುದನ್ನೂ ನೋಡಿದ್ದೇನೆ. ತೆಂಗಿನ ತೋಟದ ನಡುವಿನ ಆ ಮನೆಯಲ್ಲಿ ತಾಯಿ ನಾಯಿ ಒದ್ದೆ ಮಾಡಿದ ಸಿಮೆಂಟು ನೆಲದ ಮೇಲೆ, ಫ್ಯಾನಿನ ಕೆಳಗೆ ಮಲಗಿತ್ತು. ಐದು ಮರಿಗಳು, ಒಂದಕ್ಕಿಂತ ಒಂದು ಚಂದ. ಮರಿ ಮಾರುವ ಯಜಮಾನರು ನಮಗೆ ಚಹಾ ಕೊಟ್ಟು ಮೊದಲು ಕೇಳಿದ್ದು ಒಂದೇ ಮಾತು: "ಮರಿ ಎಲ್ಲಿರ್ತದೆ?"

ಅಕ್ಕನ ತಮ್ಮ ಹೇಳಿದ. ಕಡಲಂಚು, ಮರಳು, ಬೆಳಗಿನಿಂದ ಸಂಜೆವರೆಗೆ ಮೀನಿನ ಕಾವಲು.

ಅವರು ಕಪ್ಪು ಕೆಳಗಿಟ್ಟರು. "ಹಾಂಗಾದ್ರೆ ನಾ ಕೊಡೂದಿಲ್ಲ. ಈ ಬಿಸಿಲಿಗೆ ಮರಳ ಮೇಲೆ ಬಿಟ್ರೆ ಎರಡು ದಿನ ಬದುಕೂದಿಲ್ಲ ಇದು. ಕಾವಲು ಅಂದ್ರೆ ಒಂದು ವರ್ಷ ಆದ್ರೂ ಬೇಕು. ಮಳೆಗಾಲ ಕಳೀಲಿ, ಮನೆಯೊಳಗೆ ಸಾಕೂದಾದ್ರೆ ಬನ್ನಿ, ಒಳ್ಳೇದನ್ನೇ ಆರ್ಸಿ ಕೊಡ್ತೆ."

ನಾಯಿ ಮಾರುವವರ ಬಗ್ಗೆ ನನ್ನ ತಲೆಯೊಳಗೆ ಒಂದು ಚಿತ್ರವಿತ್ತು. ಅದು ಅಲ್ಲಿಯೇ ಬಿದ್ದು ಒಡೆಯಿತು. ಅವರಿಗೆ ಕೈ ಮುಗಿದು ಬಂದೆ. ಹೊನ್ನಾವರ ಹತ್ತಿರ ಬಂದಾಗ ಅಕ್ಕನ ತಮ್ಮ, "ಆತು ಮೇಡಂ. ಈ ಸೀಜನ್ ಮುಗಿಯೂವರೆಗೆ ನಿಮ್ಮ ಕಂತ್ರಿಯೇ ಇರ್ಲಿ. ಒಂದು ಮೀನು ಕಮ್ಮಿ ಆದ್ರೂ ವಾಪಸ್," ಅಂದ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಶೆಡ್ಡಿನಲ್ಲೇ ಹನ್ನೆರಡು ದಿನ ಪಾಠ. ಬೆಳಿಗ್ಗೆ ಆರರಿಂದ ಎಂಟೂವರೆ, ಮತ್ತೆ ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಎರಡು ತಾಸು. ಹಸಿದ ನಾಯಿಗೆ ನಿಯತ್ತು ಕಲಿಸಲಾಗದು. ಹಾಗಾಗಿ ಮೊದಲು ಅನ್ನಕ್ಕೆ ಬೇಯಿಸಿದ ತಾರ್ಲೆ ಮೀನು ಕಲಸಿ ಹೊಟ್ಟೆ ತುಂಬ ಊಟ. ಆಮೇಲೆ ಎಡಗೈ ಮುಷ್ಟಿಯಲ್ಲಿ ಒಂದು ಒಣಮೀನು. ಕಳ್ಳಿ ಮೂಸಿದಳು, ನೆಕ್ಕಿದಳು, ಉಗುರಿನಿಂದ ಕೆರೆದಳು. ನಾನು ಕಲ್ಲಿನಂತೆ ಕೂತೆ. ಬೇಸರ ಬಂದು ಅವಳು ಮೂತಿ ಹಿಂದೆ ತೆಗೆದ ಗಳಿಗೆಯಲ್ಲೇ ಬಲಗೈಯಿಂದ ಬೇರೆ ಮೀನು ಕೊಟ್ಟೆ. ಬಿಟ್ಟರೆ ಸಿಗುತ್ತದೆ, ಕಸಿದರೆ ಇಲ್ಲ. ಪಾಠ ಇಷ್ಟೇ, ಕಲಿಯಲು ಮಾತ್ರ ಎರಡು ದಿನ ಹಿಡಿಯಿತು.

ಮೂರನೆಯ ದಿನ ಹಳೆಯ ಬಲೆ ಹಾಸಿ ಅದರ ಮೇಲೆ ಆರು ಬಂಗಡೆ ಇಟ್ಟು, ಜಂಬದಿಂದ ಐದು ಹೆಜ್ಜೆ ಹಿಂದೆ ಸರಿದೆ. ಫೋನು ಬಂತು. ಒಂದು ಮಾತಾಡಿ ತಿರುಗುವುದರೊಳಗೆ ಬಲೆ ಖಾಲಿ. ಕಳ್ಳಿ ಏನೂ ಆಗಿಲ್ಲವೆಂಬಂತೆ ಗೋಡೆ ನೋಡುತ್ತಿದ್ದಳು. ನಾಯಿ ಬಾಲ ಡೊಂಕೇ ಎಂದು ಅಳು ಬರುವಷ್ಟು ಸಿಟ್ಟು ಬಂತು. ತಪ್ಪು ನನ್ನದೇ, ಒಂದು ಹೆಜ್ಜೆ ಕಲಿಸದೆ ಐದು ಹೆಜ್ಜೆ ಹಾರಿದ್ದೆ. ಮತ್ತೆ ಮೊದಲಿನಿಂದ ಶುರು. ಒಂದು ಹೆಜ್ಜೆ, ಎರಡು, ಬಾಗಿಲವರೆಗೆ, ಬಾಗಿಲಿನ ಹೊರಗೆ. ಆಮೇಲೆ ಬೇರೆಯವರ ಸರದಿ. ನಮ್ಮ ಶೆಡ್ಡಿನ ಗೆಳತಿ ಬಂದು ಮೀನು ಚಾಚಿ ಪುಸಲಾಯಿಸುವುದು, ಕಳ್ಳಿ ಮುಖ ತಿರುಗಿಸುವುದು. ಕಾವಲಿನ ಹೊತ್ತಿನಲ್ಲಿ ದೇವರೇ ಬಂದು ಕೊಟ್ಟರೂ ತಿನ್ನಕೂಡದು.

ಎಂಟನೆಯ ಬೆಳಿಗ್ಗೆ ನಡೆದದ್ದನ್ನು ಈಗಲೂ ಯಾರು ಸಿಕ್ಕರೂ ಹೇಳುತ್ತೇನೆ. ನಾನು ಹೊರಗೆ ನಿಂತು ಗೋಡೆಯ ತೂತಿನಿಂದ ನೋಡುತ್ತಿದ್ದೆ. ಮುರಿದ ಮಾಡಿನ ಸಂದಿಯಿಂದ ಒಂದು ಕಾಗೆ ಇಳಿದು ಬಲೆಯತ್ತ ಹಾರಿತು. ಕಳ್ಳಿ ಎದ್ದಳು. ಕಾಗೆಯನ್ನು ಓಡಿಸುವುದನ್ನು ನಾನು ಕಲಿಸಿಯೇ ಇರಲಿಲ್ಲ. ಅವಳು ಕಾಗೆಯನ್ನು ಗೋಡೆಯವರೆಗೆ ಅಟ್ಟಿ, ವಾಪಸ್ ಬಂದು, ಮೀನನ್ನು ದಾಟಿ ಕೂತು, ನನ್ನ ತೂತಿನ ಕಡೆಗೇ ನೋಡಿದಳು. ನಾನು ಅಲ್ಲಿರುವುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಅನ್ನಿಸುತ್ತದೆ. ನಾನು ಹೊರಗೆ ಒಬ್ಬಳೇ ಕುಣಿದೆ, ರಸ್ತೆಯಲ್ಲಿ ಹೋಗುವವರು ನೋಡಿದರು, ನೋಡಲಿ.

ಪಾಠ ಮುಗಿಯುವುದಕ್ಕೂ ಒಂದು ಕ್ರಮ ಬೇಕು, ಕಾವಲು ಯಾವಾಗ ಮುಗಿಯಿತು ಎಂಬುದು ನಾಯಿಗೆ ಗೊತ್ತಾಗಬೇಕಲ್ಲ. ಶೆಡ್ಡಿನಲ್ಲಿ ಕುರ್ಚಿ ಇರಲಿಲ್ಲ, ಒಂದು ಹಳೆಯ ಬಿದಿರಿನ ಬುಟ್ಟಿಯಿತ್ತು. ಪಾಠ ಮುಗಿದಾಗ ಅದನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದೆ. ಕೂತದ್ದೇ ಕಳ್ಳಿ ಓಡಿ ಬಂದು ನನ್ನ ಮೊಣಕಾಲಿಗೆ ಗದ್ದ ಊರುತ್ತಿದ್ದಳು, ನಾನು ಅವಳ ಪಾಲಿನ ಮೀನು ಕೊಡುತ್ತಿದ್ದೆ. ಬುಟ್ಟಿ ಬೋರಲು ಬಿತ್ತು ಅಂದರೆ ಕೆಲಸ ಮುಗಿಯಿತು. ಅದಾದ ಮೇಲೆ ಬಲೆಯ ಮೇಲಿನ ಮೀನು ಯಾರು ಎತ್ತಿದರೂ ಅವಳಿಗೆ ಸಂಬಂಧವಿಲ್ಲ. ಆ ಬುಟ್ಟಿಯ ಬಗ್ಗೆ ನನಗೆ ಎರಡನೆಯ ಯೋಚನೆಯೇ ಬರಲಿಲ್ಲ. ನನ್ನ ಅಪ್ಪ ಪೋಸ್ಟ್‌ಮನ್, ನಮ್ಮ ಮನೆಯಲ್ಲಿ ಬುಟ್ಟಿ ಬರೀ ಬುಟ್ಟಿ.

ಅಕ್ಕನಿಗೆ ಕಳ್ಳಿಯನ್ನು ಒಪ್ಪಿಸಿದ ದಿನ ಎಲ್ಲ ವಿವರಿಸಿದೆ. ರೇಬೀಸಿನ ಚುಚ್ಚುಮದ್ದು ಆಗಿದೆ, ಸಂತಾನಹರಣದ ಆಪರೇಷನ್ ಆಗಿದೆ, ಕಿವಿಯ ತುದಿ ಕತ್ತರಿಸಿದ್ದು ಅದೇ ಗುರುತಿಗೆ. ತೆಂಗಿನ ಮಡಲು ಹೊದಿಸಿದ ಚಪ್ಪರ ಬೇಕು, ಮಣ್ಣಿನ ಪಾತ್ರೆಯಲ್ಲಿ ನೀರು ಬೇಕು, ಮಧ್ಯಾಹ್ನ ಮರಳು ಕಾದಾಗ ಅಂಗಾಲು ಸುಡುತ್ತದೆ, ಕಾಗೆಯೂ ಆ ಹೊತ್ತು ಬರುವುದಿಲ್ಲ, ಅವಳು ನೆರಳಿನಲ್ಲಿರಲಿ. ಕೊನೆಗೆ, "ಸಂಜೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಮೀನು ಕೊಡಿ, ಆಗ ಅವಳು ಬಿಡ್ತಾಳೆ," ಅಂದೆ.

ಅಕ್ಕ ಬೇರೆ ಕಡೆ ನೋಡಿದಳು. "ಆತು, ಆತು," ಅಂದಳು.

ಮೊದಲ ನಾಲ್ಕು ದಿನ ಉದ್ದದ ಹಗ್ಗ ಕಟ್ಟಿ ಬಿಟ್ಟೆವು. ಬೆಳಿಗ್ಗೆ ಬೋಟಿನಿಂದ ಬಂದ ಮೀನನ್ನು ಸಮುದ್ರದ ನೀರಿನಲ್ಲಿ ತೊಳೆದು, ದೊಡ್ಡದಕ್ಕೆ ಉಪ್ಪು ಹಾಕಿ, ಸಣ್ಣದನ್ನು ಹಾಗೇ ಬಲೆಯ ಮೇಲೆ ಹರಡುತ್ತಾರೆ. ನಡುಹಗಲು, ಕಳ್ಳಿ ನೆರಳಿನಲ್ಲಿರುವಾಗ, ಒಮ್ಮೆ ತಿರುವುತ್ತಾರೆ, ಸೂರ್ಯ ಇಳಿಯುವ ಮೊದಲು ಎತ್ತುತ್ತಾರೆ. ಹೀಗೆ ಮೂರು ಬಿಸಿಲು. ಸಂಜೆ ಐದೂವರೆಗೆ ನಾನು ಸ್ಕೂಟರಿನಲ್ಲಿ ಬಂದು ಹಗ್ಗ ಬಿಚ್ಚಿ, ಅವಳನ್ನು ರಸ್ತೆಯ ಬದಿಗೆ ಕರೆದೊಯ್ದು ಮೀನು ತಿನ್ನಿಸುತ್ತಿದ್ದೆ. ಅಷ್ಟರಲ್ಲಿ ಹೆಂಗಸರು ಮೀನು ಎತ್ತಿ ಮುಗಿಸುತ್ತಿದ್ದರು. ಹಗ್ಗ ಇತ್ತಲ್ಲ, ಬುಟ್ಟಿಯ ಅಗತ್ಯ ಬೀಳಲೇ ಇಲ್ಲ. ಬಂದರದ ನಾಯಿಗಳು ಎರಡನೆಯ ದಿನವೇ ಬರುವುದನ್ನು ಬಿಟ್ಟವು. ಅವುಗಳ ಸಂಚೆಲ್ಲ ಕಳ್ಳಿಗೆ ಬಾಯಿಪಾಠ, ಯಾವುದು ಯಾವ ದೋಣಿಯ ಮರೆಯಿಂದ ಬರುತ್ತದೆಂದು ಮೊದಲೇ ಆ ಬದಿಗೆ ಹೋಗಿ ನಿಲ್ಲುತ್ತಿದ್ದಳು. ಅಕ್ಕನ ತಮ್ಮ ಕೂಡ, "ಪರವಾಗಿಲ್ಲ ನಿಮ್ಮ ಕಂತ್ರಿ," ಅಂದ. ಅವನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಐದನೆಯ ದಿನ ಭಾನುವಾರ. ಹಗ್ಗವಿಲ್ಲದೆ ಬಿಡುವ ಮೊದಲ ದಿನ, ನಾನು ಬೆಳಿಗ್ಗೆಯಿಂದಲೇ ಅಲ್ಲಿದ್ದೆ. ಎರಡು ಬಿಸಿಲು ಕಂಡ ಮೀನು, ಸೀಜನ್ನಿನ ದೊಡ್ಡ ಪಾಲು, ನಾಲ್ಕು ಬಲೆಯ ತುಂಬ. ಕಳ್ಳಿ ಅರಸಿಯ ಹಾಗೆ ಓಡಾಡಿದಳು. ಮಧ್ಯಾಹ್ನ ಅಕ್ಕ ಬಡಿಸಿದ ಗಂಜಿ, ತಾರ್ಲೆ ಸುಟ್ಟದ್ದು ಹೊಡೆದು ನಾನು ಚಪ್ಪರದ ಕೆಳಗೆ ಕೂತಿದ್ದೆ. ಮೂರೂವರೆಗೆ ಮೂಡಣದ ಘಟ್ಟದ ಮೇಲಿಂದ ಗುಡುಗು ಕೇಳಿತು.

"ಎತ್ತಿ, ಎತ್ತಿ," ಎಂದು ಅಕ್ಕ ಎದ್ದಳು. ಕೆಲಸದ ಆರು ಹೆಂಗಸರು ಬುಟ್ಟಿ ಹಿಡಿದು ಬಲೆಯತ್ತ ಓಡಿದರು. ಕಳ್ಳಿ ಅಡ್ಡ ಬಂದು ನಿಂತಳು.

ಕಚ್ಚಲಿಲ್ಲ. ಹಲ್ಲು ತೋರಿಸಿ ಗುರ್ರೆಂದಳು, ಅಷ್ಟೇ. ಒಬ್ಬಳು ಈ ಬದಿಯಿಂದ ಕೈ ಹಾಕಿದರೆ ಇಲ್ಲಿ, ಇನ್ನೊಬ್ಬಳು ಆ ಬದಿಯಿಂದ ಬಂದರೆ ಅಲ್ಲಿ. ಮುಟ್ಟಲು ಬಂದ ಕಾಗೆಗೂ ನಾಯಿಗೂ ಹೆಂಗಸರಿಗೂ ಅವಳಿಗೆ ವ್ಯತ್ಯಾಸವಿರಲಿಲ್ಲ. ಬಲೆಯ ಮೇಲಿದ್ದುದನ್ನು ಯಾರೂ ಮುಟ್ಟಕೂಡದು ಎಂದು ಹೇಳಿಕೊಟ್ಟವಳು ನಾನೇ. ಮೀನು ಹಿಡಿದು ಕರೆದೆ, ಮುಖ ತಿರುಗಿಸಿದಳು. ಅದನ್ನೂ ನಾನೇ ಕಲಿಸಿದ್ದೆ. ಕೊರಳಪಟ್ಟಿ ಹಿಡಿದು ಎಳೆದೆ, ಮೀನಿನ ಮೇಲೆಯೇ ಚಪ್ಪಟೆಯಾಗಿ ಮಲಗಿಬಿಟ್ಟಳು, ಎಳೆದಷ್ಟೂ ಮೀನು ನುಗ್ಗಾಯಿತು. ಕೈಗೆ ಮೊದಲು ಸಿಕ್ಕ ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿ ಕೂತು ನೋಡಿದೆ. ಅವಳು ನನ್ನನ್ನೊಮ್ಮೆ ನೋಡಿ ಮತ್ತೆ ಕಾವಲಿಗೆ ತಿರುಗಿದಳು. ತಣ್ಣನೆಯ ಗಾಳಿ ಬೀಸತೊಡಗಿತ್ತು, ಘಟ್ಟ ಕಾಣುತ್ತಿರಲಿಲ್ಲ.

"ಅಕ್ಕಾ, ಬುಟ್ಟಿ," ಎಂದು ಕೂಗುತ್ತ ಪಕ್ಕದಲ್ಲಿದ್ದ ಬುಟ್ಟಿಗೆ ಕೈ ಹಾಕಿದೆ. ಕೆಲಸದ ಹೆಂಗಸೊಬ್ಬಳು ನನ್ನ ಮಣಿಕಟ್ಟು ಹಿಡಿದಳು.

"ಮೇಡಂ, ಅದೊಂದು ಮಾಡ್ಬೇಡಿ. ಸೀಜನ್ ಮುಗಿಯೂದ್ರೊಳಗೆ ಮೀನಿನ ಬುಟ್ಟಿ ಬೋರಲು ಹಾಕೂಕಿಲ್ಲ. ಯಾಪಾರ ಮುಳುಗ್ತು ಅಂತ ಅರ್ಥ." ಆಮೇಲೆ ದನಿ ಇಳಿಸಿ ಹೇಳಿದಳು. "ಅಕ್ಕನ ಗಂಡನ ದೋಣಿ ವಾಪಸ್ ಬರಲಿಲ್ಲ ಅಲ್ದಾ, ಆ ದಿನ ಹಾಕಿದ್ದು. ಮತ್ತೆ ಸೀಜನ್ ನಡುವೆ ಹಾಕ್ಲಿಲ್ಲ."

ಅಕ್ಕ ಅಂದು "ಆತು, ಆತು" ಎಂದು ಬೇರೆ ಕಡೆ ನೋಡಿದ್ದು ಈಗ ಅರ್ಥವಾಯಿತು. ಇಷ್ಟೆಲ್ಲ ಕಲಿಸಿದ ನಾನು, ಯಾರ ಅಂಗಳಕ್ಕೆ ಕಲಿಸುತ್ತಿದ್ದೇನೋ ಅವರಲ್ಲಿ ಒಂದು ಮಾತು ಕೇಳಿರಲಿಲ್ಲ. ಅಷ್ಟರಲ್ಲಿ ಅಕ್ಕನ ತಮ್ಮ ದೋಣಿಯಿಂದ ಹಗ್ಗ ತಂದು ಉರುಳು ಮಾಡುತ್ತಿದ್ದ. ಉರುಳು ಕಂಡು ಕಳ್ಳಿ ನಡುಗಿದಳು, ಕೂದಲಿಲ್ಲದ ಬೆನ್ನಿನ ಚರ್ಮ ಕಂಪಿಸುವುದು ಕಾಣುತ್ತಿತ್ತು. ಆದರೂ ಜಾಗ ಬಿಡಲಿಲ್ಲ. ಮೊದಲ ಹನಿ ನನ್ನ ಕೈಮೇಲೆ ಬಿತ್ತು.

"ಅಕ್ಕಾ, ತಪ್ಪಾತು. ನಾ ಇವಳನ್ನ ಕರ್ಕಂಡು ಹೋಗ್ತೆ. ನಿಮ್ಮ ತಮ್ಮ ಕಟ್ಟಿ ಎಳೀಲಿ," ಅಂದೆ.

ಅಕ್ಕ ಕಳ್ಳಿಯನ್ನೇ ನೋಡುತ್ತಿದ್ದಳು. "ಇಷ್ಟು ಹೆದ್ರಿಕೆ ಅದೆ, ಆದ್ರೂ ಬಿಟ್ಟು ಓಡೂದಿಲ್ಲ ನೋಡು ಇದು," ಅಂದಳು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಚಪ್ಪರದೊಳಗೆ ಹೋಗಿ ತನ್ನದೇ ಬುಟ್ಟಿ ತಂದಳು, ಅಂಚು ಸವೆದು ನುಣುಪಾದ ಹಳೆಯ ಬುಟ್ಟಿ. ಬಲೆಯ ಪಕ್ಕದಲ್ಲಿ ಅದನ್ನು ಬೋರಲು ಹಾಕಿದಳು. ಹೆಂಗಸರಲ್ಲೊಬ್ಬಳು ಅಯ್ಯೋ ಅಂದಳು. ಅಕ್ಕ ಸೀರೆ ಒತ್ತಿಕೊಂಡು ಅದರ ಮೇಲೆ ಕೂತಳು.

"ಬುಟ್ಟಿ ನಂದು, ಕೂತಿದ್ದೂ ನಾನು. ನಿಮ್ಗೆಲ್ಲ ಎಂತ? ಬಾಯಿ ಮುಚ್ಚಿ ಮೀನು ಎತ್ತಿ," ಅಂದಳು. "ಬಾ ಕಳ್ಳಿ."

ಕಳ್ಳಿ ಕಿವಿ ಇಳಿಸಿದಳು. ಬಲೆ ದಾಟಿ ನಡೆದುಬಂದು ಅಕ್ಕನ ಮೊಣಕಾಲಿಗೆ ಗದ್ದ ಊರಿದಳು. ಅಕ್ಕ ಬಗ್ಗಿ ಬಲೆಯಿಂದ ಒಂದು ಬಂಗಡೆ ಎತ್ತಿ ಅವಳ ಬಾಯಿಗಿಟ್ಟಳು. ಆರು ಹೆಂಗಸರು, ನಾನು, ಅಕ್ಕನ ತಮ್ಮ ಬಾಚಿ ಬಾಚಿ ತುಂಬಿದೆವು. ಮೂರು ಬಲೆ ಖಾಲಿಯಾಗಿ ನಾಲ್ಕನೆಯದನ್ನು ಮೀನಿನ ಸಮೇತ ಮಡಚಿ ಚಪ್ಪರದೊಳಗೆ ಎಳೆದುಕೊಳ್ಳುವಷ್ಟರಲ್ಲಿ ಮಳೆ ಧೋ ಎಂದು ಬಿತ್ತು. ಒಂದು ಹಿಡಿಯಷ್ಟು ನೆನೆದಿರಬಹುದು, ಕಳ್ಳಿಯ ಹೊಟ್ಟೆಯಡಿ ನುಗ್ಗಾದದ್ದು ಇನ್ನೊಂದು ಹಿಡಿ. ಉಳಿದದ್ದೆಲ್ಲ ಒಣಗೇ ಇತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಚಪ್ಪರದೊಳಗೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ.

ಅಕ್ಕ ಮಾತ್ರ ಮಳೆಯಲ್ಲೇ ಬುಟ್ಟಿಯ ಮೇಲೆ ಕೂತಿದ್ದಳು, ನಾಯಿಯ ಜೊತೆ. ತಮ್ಮ ಕರೆದರೂ ಏಳಲಿಲ್ಲ. ಹನಿ ತೆಳ್ಳಗಾದ ಮೇಲೆ ಎದ್ದಳು, ಏಳುತ್ತಿದ್ದಂತೆಯೇ ಬುಟ್ಟಿಯನ್ನು ಅಂಗಾತ ಮಾಡಿ, ಮರಳಿನ ಮೇಲೆ ಬಿದ್ದಿದ್ದ ಒಂದು ಹಿಡಿ ಮೀನು ಅದರೊಳಗೆ ಹಾಕಿಕೊಂಡು ಒಳಗೆ ಬಂದಳು.

"ನಾ ಬೋರಲು ಹಾಕಿದ್ದಲ್ಲ ತಂಗೀ," ಅಂದಳು ತಲೆ ಒರೆಸಿಕೊಳ್ಳುತ್ತ. "ಕೂತ್ಕಂಡಿದ್ದು. ಮನುಷ್ಯ ಕೂತ್ರೆ ಅದು ಮಣೆ." ಅಂದಿನಿಂದ ಸೀಜನ್ ಮುಗಿಯುವವರೆಗೆ ಪ್ರತಿ ಸಂಜೆ ಅಕ್ಕ ಆ ಮಣೆಯ ಮೇಲೆ ಕೂತಳು, ಎದ್ದ ಕೂಡಲೇ ಅಂಗಾತ ಮಾಡಿದಳು. ಮೂರನೆಯ ದಿನ ನಾನು ಹೋದಾಗ ಆರೂ ಹೆಂಗಸರು ತಂತಮ್ಮ ಬುಟ್ಟಿಗಳ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು, ಕಳ್ಳಿ ಯಾರ ಮೊಣಕಾಲಿಗೆ ಹೋಗುವುದೆಂದು ತಿಳಿಯದೆ ನಡುವೆ ನಿಂತಿದ್ದಳು.

ಮೇ ಮುಗಿಯಿತು. ಅಕ್ಕನ ಮೀನು ಎಲ್ಲ ಮನೆಗಳನ್ನೂ ಸೇರಿತು. ಈ ಕಡೆ ನಮ್ಮ ಶೆಡ್ಡಿನ ಮಾಡು ಇಳಿಸಲು ಶುರು ಮಾಡಿದ್ದರು. ಜೂನ್ ಮೊದಲ ವಾರದ ಸಂಜೆ ಅಕ್ಕನ ಅಂಗಳಕ್ಕೆ ಹೊರಟಾಗ ನನ್ನ ಚೀಲದಲ್ಲಿ ಎರಡು ವಸ್ತುಗಳಿದ್ದವು, ದತ್ತು ಕೊಡುವ ಫಾರಮ್ಮು ಮತ್ತು ಕಳ್ಳಿಯ ಹಗ್ಗ. ಮಾತಾಗಿದ್ದು ಸೀಜನ್ ಮುಗಿಯುವವರೆಗೆ ಮಾತ್ರ. ಮುಂದೆ ಎಂತ ಎಂದು ಕೇಳುವ ಧೈರ್ಯ ನನಗೆ ಒಂದು ದಿನವೂ ಬಂದಿರಲಿಲ್ಲ. ಕಾಯಲು ಮೀನೇ ಇಲ್ಲದ ಎರಡು ತಿಂಗಳು ಕಾವಲು ನಾಯಿ ಯಾರಿಗೆ ಬೇಕು?

ಬುಟ್ಟಿಗಳನ್ನು ತೊಳೆದು ಚಪ್ಪರದ ಅಂಚಿಗುಂಟ ಸಾಲಾಗಿ ಬೋರಲು ಹಾಕಿದ್ದರು. ಇದು ನಿಜವಾದ ಬೋರಲು, ಸೀಜನ್ ಮುಗಿದದ್ದು. ಕಳ್ಳಿ ಒಂದು ಬುಟ್ಟಿಯ ಮುಂದೆ ಸ್ವಲ್ಪ ಹೊತ್ತು ಕೂರುವುದು, ಮೀನು ಬರದಿದ್ದರೆ ಮುಂದಿನದಕ್ಕೆ ಹೋಗುವುದು, ಹೀಗೆ ಸಾಲು ಮುಗಿಸುತ್ತಿದ್ದಳು. ಅಕ್ಕನ ತಮ್ಮ ಅದನ್ನು ನೋಡಿ ನಗುತ್ತಿದ್ದ. "ನಿಮ್ಮ ಕಂತ್ರಿಗೆ ಡ್ಯೂಟಿ ಮುಗೀತು ಮೇಡಂ. ಮಳೆಗಾಲ ಕಳೆದ ಮೇಲೆ ಮುಟ್ಟಳ್ಳಿ ಮರಿ ನನ್ನ ಮನೆಗೆ ಬರ್ತದೆ, ಹೆಂಡತಿ ಮಕ್ಕಳಿಗೆ ಆಸೆ. ನೀವೇ ಇಂಜೆಕ್ಷನ್ ಹಾಕ್ಬೇಕು."

"ಹಾಕುವಾ," ಅಂದೆ. ಚೀಲದಲ್ಲಿ ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಹಗ್ಗ. ಅದನ್ನು ಹೊರಗೆ ತೆಗೆದೆ.

ಅಕ್ಕ ಹಗ್ಗ ನೋಡಿದಳು, ನನ್ನ ಮುಖ ನೋಡಿದಳು. "ಅದೆಂತಕ್ಕೆ? ಕಾಗದ ಎಂತೋ ಇರ್ತದೆ ಅಂದಿದ್ಯಲ್ಲ, ಅದು ತಂದಿದ್ಯಾ?"

ನಾನು ಫಾರಮ್ಮು ಕೊಟ್ಟೆ. ಅಕ್ಕನ ತಮ್ಮ ಓದುತ್ತ ಹೋದ, ನಾನು ತುಂಬುತ್ತ ಹೋದೆ. ಪ್ರಾಣಿಯ ಹೆಸರು, ಕಳ್ಳಿ. ಬಣ್ಣ, ಕೆಂಪು. ತಳಿ ಎಂಬಲ್ಲಿ ಅವನು ನಿಂತ. "ಇಲ್ಲಿ ಎಂತ ಬರಿಯೂದು?"

"ಬಂದರದ್ದು ಅಂತ ಬರಿ," ಅಂದಳು ಅಕ್ಕ. ಹಾಗೇ ಬರೆದೆ. ಅಕ್ಕ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಸಹಿ ಮಾಡಿದಳು.

ಆಮೇಲೆ ನನ್ನನ್ನು ಚಹಾಕ್ಕೆ ಮನೆಗೆ ಕರೆದೊಯ್ದಳು. ಚಪ್ಪರದ ಹಿಂದೆಯೇ ಅವಳ ಮನೆ. ಜಗಲಿಯ ಮೂಲೆಯಲ್ಲಿ ಅಂಚು ಸವೆದ ಆ ಹಳೆಯ ಬುಟ್ಟಿಯಿತ್ತು, ಅಂಗಾತ, ಒಳಗೆ ಮಡಚಿ ಹಾಸಿದ ಗೋಣಿಚೀಲ. ಕಳ್ಳಿ ನಮ್ಮನ್ನು ದಾಟಿಕೊಂಡು ಹೋಗಿ ಅದರೊಳಗೆ ಕಾಲಿಟ್ಟು, ಎರಡು ಸುತ್ತು ಸುತ್ತಿ, ಮೂತಿಯನ್ನು ಬಾಲದ ಕೆಳಗೆ ತೂರಿಸಿ ಮಲಗಿದಳು. ಎಷ್ಟೋ ದಿನದ ರೂಢಿ ಇದು ಎಂದು ನೋಡಿದರೇ ತಿಳಿಯುತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ.

ನನಗೆ ಕೀಟಲೆ ಮಾಡಬೇಕೆನಿಸಿತು. "ಎಲ್ಲಾ ಬುಟ್ಟಿ ಬೋರಲು ಹಾಕಿ, ಇದೊಂದನ್ನ ಯಾಕೆ ಬಿಟ್ರಿ ಅಕ್ಕಾ? ಸೀಜನ್ ಮುಗೀಲಿಲ್ವಾ?"

ಅಕ್ಕ ಚಹಾ ಸೋಸುತ್ತಿದ್ದವಳು ತಲೆ ಎತ್ತಲೂ ಇಲ್ಲ.

"ಎಂತ ಮಾತು ಆಡ್ತ್ಯೆ ತಂಗೀ. ತುಂಬಿದ ಬುಟ್ಟಿಯನ್ನ ಯಾರಾದ್ರೂ ಬೋರಲು ಹಾಕ್ತಾರ್ಯಾ?"